ಐದನೆಯ ಹೂವು

ಕೆಲಸ ಬಿಡುತ್ತೇನೆ ಎಂದು ನೆವೆನಾ ಹೇಳಿದ ದಿನ, ಯಜಮಾನ ಸ್ಟಾಮೆನ್ ಅವಳ ಎಡಗೈಯನ್ನು ಹೊಲಿಗೆ ಮಷೀನಿನ ಸೂಜಿಯಡಿ ಹಿಡಿದು ಪೆಡಲ್ ತುಳಿದ. ಸೂಜಿ ಹೆಬ್ಬೆರಳನ್ನು ಹಾದು ಹೋಯಿತು. ಆಮೇಲೆ ಅವನು ಊಟಕ್ಕೆ ಹೋದ.

ಪ್ಲೋವ್ದಿವ್ ಊರಿನ ಆ ಚಪ್ಪಲಿ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸುವ ಕಾಲೋಯನ್ ಎದುರಿಗೇ ಇದ್ದ. ವರ್ಷವಿಡೀ ಅವಳತ್ತ ಕಳ್ಳನೋಟ ಎಸೆದವನು. ಸೂರ್ಯಕಾಂತಿ ಬೀಜ ಬಿಡಿಸಿ, ತಿರುಳನ್ನು ಅವಳ ಮಷೀನಿನ ಮೇಲಿಟ್ಟು ಏನೂ ಗೊತ್ತಿಲ್ಲದವನಂತೆ ಹೋಗುತ್ತಿದ್ದವನು. ಅವತ್ತು ಅವನ ಕೈಯಲ್ಲಿ ಕತ್ತಿ ಇತ್ತು. ಅವನು ಅಲುಗಾಡಲಿಲ್ಲ.

ಗಾಯ ಮಾಯುವ ಮೊದಲೇ ನೆವೆನಾ ಸ್ವಂತ ಕೆಲಸ ಶುರು ಮಾಡಿದಳು. ತೀರಿಕೊಂಡ ಚಿಕ್ಕಮ್ಮನ ಮನೆಯ ಮುಂದಿನ ಕೋಣೆ, ಒಂದು ಹಳೇ ಮಷೀನು, ಕುಣಿತದ ತಂಡವೊಂದರ ಆರ್ಡರ್: ಎಲ್ಲರ ಕಾಲಿಗೂ ಹೊಸ ತ್ಸರ್ವುಲಿ, ತುದಿ ಮೇಲಕ್ಕೆ ಬಾಗಿದ ಚರ್ಮದ ಮೆಟ್ಟು. ತಂಡದವರು ಸ್ಟಾಮೆನ್‌ನನ್ನು ಬಿಟ್ಟು ಅವಳ ಬಳಿ ಬಂದಿದ್ದರು. ಯಾರ ಕೈಕೆಳಗೂ ಅಲ್ಲ, ಅವಳದೇ ಹೆಸರಿನಲ್ಲಿ.

ಮೊದಲ ಬೆಳಿಗ್ಗೆ ಪಕ್ಕದ ಮನೆಯ ಗೀನಾ ಅಜ್ಜಿ ತಾಮ್ರದ ಚೊಂಬಿನಲ್ಲಿ ನೀರು ತಂದಿಟ್ಟಳು. ಹೊಸ ಕೆಲಸಕ್ಕೆ ಕೈ ಹಾಕುವವರು ಅದನ್ನು ಹೊಸ್ತಿಲಲ್ಲಿ ಒದ್ದು ಚೆಲ್ಲಬೇಕು. ಕೆಲಸ ನೀರಿನಂತೆ ಹರಿಯಬೇಕು.

"ಬಲಗಾಲು ಕಣೆ. ನಿನ್ನ ಚಿಕ್ಕಮ್ಮ ಮದುವೆ ದಿನ ಎಡಗಾಲಲ್ಲಿ ಒದ್ದಳು. ಎಂಥಾ ಗಂಡ ಸಿಕ್ಕ ನೋಡು."

ನೆವೆನಾ ನಗುತ್ತಾ ಬಾಗಿಲು ತೆರೆದಳು. ಹೊಸ್ತಿಲಾಚೆ ಕೆಂಪು ಕಾರ್ನೇಷನ್ ಹೂಗಳಿದ್ದವು. ನಾಲ್ಕು.

ಅಜ್ಜಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಬೆಸಸಂಖ್ಯೆಯ ಹೂವು ಬದುಕಿರುವವರಿಗೆ, ಸಮಸಂಖ್ಯೆಯ ಹೂವು ಸತ್ತವರಿಗೆ.

ಹೂ ಸುತ್ತಿದ್ದ ಕಾಗದದ ಮೇಲೆ ಪೆನ್ಸಿಲ್ ಗೆರೆಗಳಿದ್ದವು. ಚರ್ಮದ ಮೇಲಿಟ್ಟು ಕತ್ತರಿಸುವ ಅಳತೆಯ ಕಾಗದ. ಕಾಲೋಯನ್ ಎಳೆದ ಗೆರೆ ಅವಳಿಗೆ ಗೊತ್ತಿಲ್ಲವೇ?

"ನನ್ನ ಹೆದರಿಸೋಕೆ ಸ್ಟಾಮೆನ್ ಅವನನ್ನೇ ಕಳಿಸಿದಾನೆ, ಅಜ್ಜಿ."

ಹೆಬ್ಬೆರಳು ಸುಮ್ಮನಿತ್ತು. ನೋವು ಬೇರೆಲ್ಲೋ ಇತ್ತು. ಚೊಂಬಿನ ನೀರು ಹಾಗೇ ಉಳಿಯಿತು.

ಮಧ್ಯಾಹ್ನ ಕಾಲೋಯನ್ ತಾನೇ ಬಂದ. ಒಂದು ಕಣ್ಣು ಊದಿ ಮುಚ್ಚಿತ್ತು, ತುಟಿ ಸೀಳಿತ್ತು, ಅಂಗಿಯ ಎದೆ ರಕ್ತ ಒಣಗಿ ಬಿರುಸಾಗಿತ್ತು. ಕೈಯಲ್ಲಿ ಬೂಟಿನಡಿ ಅರೆದುಹೋದ ಒಂದು ಕಾರ್ನೇಷನ್.

"ಐದು ತಂದಿದ್ದೆ," ಎಂದ. "ಬೀದಿ ತಿರುವಲ್ಲಿ ಸ್ಟಾಮೆನ್ ಕಡೆಯವರು ಹಿಡ್ಕೊಂಡ್ರು. ಒಂದನ್ನ ಕಿತ್ತು ತುಳಿದು, ಮಿಕ್ಕಿದ್ದನ್ನ ನಿನ್ನ ಬಾಗಿಲಿಗೆ ಇಟ್ರು. ಲೆಕ್ಕ ಗೊತ್ತು ಆ ನಾಯಿಗಳಿಗೆ."

ಅವಳು ಹೂವನ್ನು ಮುಟ್ಟಲಿಲ್ಲ.

"ಅವತ್ತು ನಿನ್ನ ಕೈಲಿ ಕತ್ತಿ ಇತ್ತು."

"ಇತ್ತು."

"ನೋಡ್ತಾ ನಿಂತೆ."

"ನಿಂತೆ." ಅವನ ದನಿ ಇಳಿಯಿತು. "ಹೆದರಿದೆ ನೆವೆ. ಅಷ್ಟೇ."

ಅವಳು ಬಟ್ಟೆಯ ತುಂಡನ್ನು ಸಾರಾಯಿಯಲ್ಲಿ ಅದ್ದಿ ಅವನ ತುಟಿಗೆ ಒತ್ತಿದಳು.

"ಉರಿಯುತ್ತೆ."

"ಉರೀಲಿ."

ತೆರೆದಿದ್ದ ಒಂದೇ ಕಣ್ಣು ಅವಳ ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ತುಟಿಗೆ ಮೆಲ್ಲಗೆ ಇಳಿಯಿತು.

"ಒಂದು ಕಣ್ಣಲ್ಲೇ ಇಷ್ಟು ನೋಡ್ತೀಯಲ್ಲ."

"ಇನ್ನೊಂದು ತೆರೀಲಿ, ಆಗ ಹೇಳು."

ನಗು ಬರಬಾರದೆಂದು ಅವಳು ತುಟಿ ಕಚ್ಚಿದಳು. ಹೂವನ್ನು ತೆಗೆದುಕೊಂಡಳು.

ಹೊರಗೆ ಕಾರು ಕಿರ್ರೆಂದು ನಿಂತಿತು. ಸ್ಟಾಮೆನ್ ಇಬ್ಬರು ಆಳುಗಳ ಜೊತೆ ಚೊಂಬನ್ನು ದಾಟಿ ಒಳಬಂದ. ಕೈಯಲ್ಲಿ ಸುತ್ತಿಗೆ.

"ಏನೋ, ಮನೆ ಅಳಿಯ ಆಗೋಕೆ ಬಂದ್ಯಾ?"

ನೆವೆನಾ ಮಷೀನಿಗೆ ಅಡ್ಡ ನಿಂತಳು. ಒಬ್ಬ ಅವಳ ಜಡೆ ಹಿಡಿದು ಎಳೆದ. ಅವಳು ಚರ್ಮ ತೂತು ಮಾಡುವ ದಬ್ಬಳವನ್ನು ಅವನ ತೊಡೆಗೆ ಹಿಡಿಯವರೆಗೂ ಇಳಿಸಿದಳು. ಅವನು ಊಳಿಟ್ಟು ಕುಸಿದ. ಇನ್ನೊಬ್ಬ ಕಾಲೋಯನ್‌ನ ಹೊಟ್ಟೆಗೆ ಒದ್ದ. ಸ್ಟಾಮೆನ್‌ನ ಏಟಿಗೆ ನೆವೆನಾಳ ಬಾಯಿಂದ ರಕ್ತ ಬಂತು.

"ಯಜಮಾನ್ರೇ, ಅವಳನ್ನ ಬಿಡಿ," ಕಾಲೋಯನ್ ನೆಲದಿಂದ ಕೆಮ್ಮಿದ.

"ಬಿಡೋಣ." ಸ್ಟಾಮೆನ್ ಸುತ್ತಿಗೆಯನ್ನು ಅವನ ಕೈಗೆ ತುರುಕಿದ. "ಮಷೀನ್ ನೀನೇ ಒಡಿ. ನಾಳೆಯಿಂದ ಕಾರ್ಖಾನೆಯ ನಿನ್ನ ಮೇಜು ನಿನಗೇ ವಾಪಸ್. ಇಲ್ಲಾಂದ್ರೆ ಆ ಕೈ ಇನ್ನು ಚರ್ಮ ಕತ್ತರಿಸಲ್ಲ."

ಕಾಲೋಯನ್ ಎದ್ದ. ಮತ್ತೆ ಅವನ ಕೈಯಲ್ಲಿ ಆಯುಧವಿತ್ತು, ಮತ್ತೆ ಎದುರಿಗೆ ಸ್ಟಾಮೆನ್ ಇದ್ದ. ಅವನು ಮಷೀನಿನವರೆಗೆ ನಡೆದ. ಸೂಜಿಯನ್ನು ನೋಡಿದ. ಆಮೇಲೆ ಸುತ್ತಿಗೆ ಹಿಡಿದುಕೊಂಡೇ, ಮಷೀನಿಗೆ ಬೆನ್ನು ಕೊಟ್ಟು ತಿರುಗಿ ನಿಂತ.

ನೆವೆನಾ ಹೊಸ್ತಿಲಿಗೆ ಹೋದಳು. ಬಲಗಾಲಿನಲ್ಲಿ ಚೊಂಬನ್ನು ಒದ್ದಳು. ತಾಮ್ರ ಠಣ್ಣೆಂದಿತು, ನೀರು ಹರಿದು ಸ್ಟಾಮೆನ್‌ನ ಬೂಟುಗಳನ್ನು ಸುತ್ತಿತು.

"ಕೇಳಿಸ್ಲಿಲ್ವೇನೋ?" ಸ್ಟಾಮೆನ್ ಗುಡುಗಿದ. "ಒಡಿ."

"ಒಡೆಯಲ್ಲ ಕಣೋ ಸ್ಟಾಮೆನ್," ಎಂದ ಕಾಲೋಯನ್. "ಇವತ್ತು ನಮ್ಮ ಮೊದಲನೇ ದಿನ."