ಮೆತ್ತನೆ ತಟ್ಟೆಯಲ್ಲಿ ಮೂಳೆ

"ಸಂಜೆಯೊಳಗೆ ನನ್ನನ್ನ ಆಚೆ ಹಾಕ್ತಾರೆ ಸರ್" ಎಂದು ಆ ಸಂಶೋಧಕಿ ಕಣ್ಣೊರೆಸಿಕೊಂಡಳು. ಪತ್ತೇದಾರಿಕೆಯಲ್ಲಿ ನಮ್ಮ ಭಾವನದು ಎತ್ತಿದ ಕೈ. ಅವರ ಚೀಲ ಹೊರುವುದರಲ್ಲಿ ನನ್ನದು.

ಅವಳು ಸಾಕುತ್ತಿದ್ದದ್ದು ಕಾಂಡಕೋಶಗಳನ್ನು, ಅಂದರೆ ಮುಂದೆ ಏನಾಗಬೇಕೆಂದು ಇನ್ನೂ ತೀರ್ಮಾನಿಸದ ಜೀವಕೋಶಗಳನ್ನು. ಗಟ್ಟಿ ಜೆಲ್ಲಿಯ ಮೇಲೆ ಕೂರಿಸಿದರೆ ಅವು ಮೂಳೆಯ ದಾರಿ ಹಿಡಿಯುತ್ತವೆ, ಮೆತ್ತನೆಯದರ ಮೇಲಾದರೆ ಕೊಬ್ಬಿನ ದಾರಿ. ಈಗ ಮೆತ್ತನೆ ಜೆಲ್ಲಿಯ ಒಂದು ಗಾಜಿನ ತಟ್ಟೆಯಲ್ಲೇ ಮೂಳೆ ಕಟ್ಟತೊಡಗಿತ್ತು. ಅವಳೇ ಮೂಳೆ ಬೆಳೆಸುವ ಔಷಧ ಸುರಿದು ಮೋಸ ಮಾಡಿದ್ದಾಳೆಂದು ಪ್ರೊಫೆಸರ್ ಕೂಗಾಡಿದ್ದರು.

ಪ್ರಯೋಗಾಲಯದ ಬೀಗದ ಕೈ ಇದ್ದದ್ದು ಅವಳ ಬಳಿ, ಪ್ರೊಫೆಸರ್ ಬಳಿ, ಮತ್ತೆ ದಪ್ಪ ಕನ್ನಡಕದ ಸಹಾಯಕನ ಬಳಿ. ಔಷಧದ ಬಾಟಲಿಯ ಸೀಲು ಒಡೆದೇ ಇರಲಿಲ್ಲ. ಉಳಿದ ತಟ್ಟೆಗಳ ಮೇಲೆ ಅವಳ ಇರುವೆ ಸಾಲಿನಂಥ ಬರಹವಿತ್ತು. ಮೂಳೆ ಕಟ್ಟಿದ್ದರ ಮೇಲೆ ಮಾತ್ರ ಅಂಗಡಿ ಬೋರ್ಡಿನಂಥ ಅಕ್ಷರ. ಭಾವ ಅದರ ಜೆಲ್ಲಿಗೆ ಸೂಜಿ ಚುಚ್ಚಿದರು. ಚುಚ್ಚುತ್ತಿದ್ದಂತೆಯೇ ತಳದ ಗಾಜು ತಾಗಿತು.

"ಸೂಕ್ಷ್ಮದರ್ಶಕದಲ್ಲಿ ಹೇಗೆ ಕಾಣುತ್ತಮ್ಮ?"

"ಮೆತ್ತನೆ ತಟ್ಟೆಗಳು ಯಾವಾಗಲೂ ಮಸುಕು ಸರ್. ಇದೊಂದೇ ಸ್ಪಷ್ಟ."

ಸಂಜೆ ಎಲ್ಲರೂ ಸೇರಿದೆವು. ಪ್ರೊಫೆಸರ್ ವಜಾ ಪತ್ರವನ್ನು ತೋಳು ಚಾಚಿ ಹಿಡಿದು ಓದಲು ಶುರುಮಾಡಿದರು. ಭಾವ ತಡೆದರು.

"ಔಷಧ ಯಾರೂ ಸುರಿದಿಲ್ಲ. ಜೆಲ್ಲಿ ತೀರಾ ತೆಳು, ಅದಕ್ಕೇ ಕೋಶಗಳಿಗೆ ಕೆಳಗಿನ ಗಾಜಿನ ಗಟ್ಟಿತನ ಗೊತ್ತಾಗಿದೆ. ಸಿಮೆಂಟ್ ನೆಲದ ಮೇಲೆ ಬರೀ ಚಾದರ ಹಾಸಿ ಮಲಗಿದರೆ ಸೊಂಟಕ್ಕೆ ಗೊತ್ತಾಗಲ್ವಾ?"

ಅಕ್ಕನ ಮನೆಯಲ್ಲಿ ನನಗೆ ಹಾಸುವುದು ಚಾದರವನ್ನೇ. ಹಾಗಾಗಿ ಎಲ್ಲರಿಗಿಂತ ಮೊದಲು ಅರ್ಥವಾದದ್ದು ನನಗೆ.

"ತೆಳು ಮಾಡಿದ್ಯಾರು?" ಎಂದ ಸಹಾಯಕ.

"ತೆಳು ಮಾಡಿದ್ದು ಸ್ಪಷ್ಟವಾಗಿ ಕಾಣಲಿ ಅಂತ" ಎಂದು ಭಾವ ಅವನತ್ತ ತಿರುಗಿದರು. "ದಪ್ಪ ಜೆಲ್ಲಿಯಲ್ಲಿ ಯಾರಿಗಾದರೂ ಮಸುಕಾಗೇ ಕಾಣೋದು. ನೀವು ಕಾಣಲ್ಲ ಅಂದರೆ ಕಾಣಲ್ಲ ಅಂತೀರಿ, ಕನ್ನಡಕ ಹಾಕ್ಕೊಂಡೋರಿಗೆ ಯಾವ ಸಂಕೋಚ? ತಮ್ಮ ಕಣ್ಣನ್ನೇ ಅನುಮಾನಿಸಿ ಅದನ್ನ ಮುಚ್ಚಿಡೋಕೆ ಹೊರಟವರು ಒಬ್ಬರೇ. ಅಷ್ಟು ದೊಡ್ಡ ಅಕ್ಷರ ಬರೆಯೋರೂ, ಪತ್ರವನ್ನ ಮಾರುದೂರ ಹಿಡಿಯೋರೂ ಅವರೇ."

ಪ್ರೊಫೆಸರ್ ಪತ್ರ ಕೆಳಗಿಳಿಸಿದರು. "ಪ್ರಯೋಗಾಲಯ ನೋಡೋಕೆ ಬರೋ ಅತಿಥಿಗಳ ಮುಂದೆ ಕಾಣದೆ ತಡಬಡಾಯಿಸಬಾರದು ಅಂತ ನಾನೇ ತೆಳು ಜೆಲ್ಲಿಯ ಹೊಸ ತಟ್ಟೆ ಮಾಡಿಟ್ಟೆ. ಮೂಳೆ ಕಟ್ಟುತ್ತೆ ಅಂತ ಹೊಳೀಲೇ ಇಲ್ಲ." ಆಮೇಲೆ ಮುಖ ಅರಳಿಸಿ, "ಹಾಗಾದರೆ ನನ್ನ ಕಣ್ಣು ಚೆನ್ನಾಗಿದೆ ಅನ್ನಿ?" ಎಂದರು.

"ಇಲ್ಲ, ಅದೂ ಕೆಟ್ಟಿದೆ" ಎಂದರು ಭಾವ.

ಪ್ರೊಫೆಸರ್ ಸಂಶೋಧಕಿಯತ್ತ ತಿರುಗಿದರು. "ತಪ್ಪಾಯ್ತಮ್ಮ. ಇಲ್ಲೇ ಇರು."

"ಇರ್ತೀನಿ ಸರ್. ಆದರೆ ಈ ತಟ್ಟೆ ಎಸೀಬೇಡಿ. ಜೆಲ್ಲಿ ಎಷ್ಟು ತೆಳುವಾದರೆ ಕೋಶಕ್ಕೆ ಗಾಜು ಗೊತ್ತಾಗುತ್ತೆ ಅಂತ ನೋಡಬೇಕು. ಪ್ರಬಂಧದಲ್ಲಿ ಮೊದಲ ಹೆಸರು ನನ್ನದು."

ನನಗೆ ಎದ್ದು ಚಪ್ಪಾಳೆ ತಟ್ಟೋಣ ಅನ್ನಿಸಿತು. ಪ್ರೊಫೆಸರ್ ವಜಾ ಪತ್ರವನ್ನು ಮಗುಚಿ ಹಾಕಿ ಅದರ ಬೆನ್ನಿಗೇ ಒಪ್ಪಿಗೆ ಬರೆದುಕೊಟ್ಟರು.