ನಲವತ್ತು ಖಾಲಿ ಪೆಟ್ಟಿಗೆ

ಹನ್ನೊಂದು ಗಂಟೆಗೆ ಸರಿಯಾಗಿ ವಿಮಾ ಕಂಪನಿಯ ತನಿಖಾಧಿಕಾರಿ ಬಂದರು. ಅವರನ್ನು ಕಾಣಬೇಕಿದ್ದ ನನ್ನ ತಮ್ಮ ಮಾತ್ರ ಎಲ್ಲೂ ಇರಲಿಲ್ಲ.

ಅವನ ಮೇಜಿನ ಮೇಲೆ ಟಾರ್ಚ್ ಇತ್ತು. ಕುರ್ಚಿಯ ಬೆನ್ನಿಗೆ ಊಟದ ಚೀಲ ನೇತಾಡುತ್ತಿತ್ತು. ಅರ್ಧ ಕುಡಿದಿಟ್ಟ ಚಹಾ ಕೆನೆಗಟ್ಟಿತ್ತು. ಹೊರಗೆ ಬೈಕು ನಿಂತಿತ್ತು. ಫೋನ್ ಮಾಡಿದರೆ ಅದೇ ಹಾಳು ದನಿ — ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. ಏಳು ಸಲ ಕೇಳಿಸಿಕೊಂಡೆ. ಎಂಟನೆಯ ಸಲ ತಪ್ಪು ನಂಬರ್ ಒತ್ತಿದೆ.

ನಮ್ಮದು ಖಾಲಿ ಕಂಟೇನರ್‌ಗಳ ಅಂಗಳ. ಹಡಗಿನಿಂದ ಇಳಿದು ಸರಕು ಖಾಲಿಯಾದ ಪೆಟ್ಟಿಗೆಗಳು ಇಲ್ಲಿಗೆ ಬರುತ್ತವೆ. ತೂತು ಬಿದ್ದದ್ದನ್ನು ಬೆಸೆದು, ಪರೀಕ್ಷೆ ಮಾಡಿ, ಮತ್ತೆ ಬಂದರಿಗೆ ಕಳಿಸುತ್ತೇವೆ. ನಾನು ಕಚೇರಿಯ ಗುಮಾಸ್ತೆ, ತಮ್ಮ ಪರೀಕ್ಷಕ, ನನ್ನ ಗಂಡ ವೆಲ್ಡರ್. "ಇದೇನು ಅಂಗಳವೋ, ನಿಮ್ಮ ಮನೆ ಜಗಲಿಯೋ?" ಎಂದು ಎಲ್ಲರೂ ರೇಗಿಸುತ್ತಿದ್ದರು. ಅಮ್ಮ ತೀರಿಕೊಂಡಾಗ ತಮ್ಮನಿಗೆ ಒಂಬತ್ತು ವರ್ಷ. ಸಾಕಿದವಳು ನಾನು. ಮದುವೆಗೆ ನಾನು ಹಾಕಿದ ಷರತ್ತು ಒಂದೇ: ತಮ್ಮ ನನ್ನ ಜೊತೆಗೇ ಬರುತ್ತಾನೆ. ನನ್ನ ಗಂಡ ನಕ್ಕು ಒಪ್ಪಿದ್ದರು. ಹದಿನೇಳು ವರ್ಷದಲ್ಲಿ ಒಂದು ದಿನವೂ ಅವನನ್ನು ಹೊರಗಿನವನಂತೆ ಕಂಡವರಲ್ಲ.

ಬಂದ ಅಧಿಕಾರಿಯನ್ನು ನಾವೆಲ್ಲ ವಿಮೆಯಮ್ಮ ಎನ್ನುತ್ತಿದ್ದೆವು. ಐವತ್ತು ದಾಟಿದ ದಪ್ಪ ಹೆಂಗಸು. ಗಂಡಸರ ಕೈಗಡಿಯಾರ, ನೋಯುವ ಮಂಡಿ, ಮುಲಾಜಿಲ್ಲದ ಬಾಯಿ. ನಮ್ಮಲ್ಲಿಂದ ಹೋದ ಎರಡು ಪೆಟ್ಟಿಗೆಗಳಿಗೆ ನಡುಸಮುದ್ರದಲ್ಲಿ ನೀರು ನುಗ್ಗಿ ಒಳಗಿದ್ದ ಬಟ್ಟೆಯೆಲ್ಲ ಕೊಳೆತುಹೋಗಿತ್ತು. ಅದರ ತನಿಖೆ ಅವರದು.

"ನಿನ್ನ ತಮ್ಮ ನಿನ್ನೆ ಫೋನ್ ಮಾಡಿದ್ದ" ಎಂದರು. "ಒಂದು ವಿಷಯ ಇದೆ, ಕಣ್ಣಾರೆ ತೋರಿಸ್ತೀನಿ, ಹನ್ನೊಂದಕ್ಕೆ ಬನ್ನಿ ಅಂದ. ಏನು ವಿಷಯ?"

"ನನಗೆ ಹೇಳಿಲ್ಲ."

"ಅಕ್ಕನಿಗೂ ಹೇಳಿಲ್ವಾ?"

"ಇಲ್ಲ."

ಮೊಣಕಾಲು ತರಚಿದರೂ ಓಡಿಬಂದು ನನಗೆ ತೋರಿಸುತ್ತಿದ್ದ ಹುಡುಗ ಅವನು.

ವಿಮೆಯಮ್ಮ ಎಲ್ಲರನ್ನೂ ಕಚೇರಿಗೆ ಕರೆಸಿದರು. ಎಲ್ಲರೂ ಎಂದರೆ ಮೂವರು — ಮ್ಯಾನೇಜರ್, ಪೆಟ್ಟಿಗೆ ಎತ್ತುವ ಯಂತ್ರದ ಚಾಲಕ ಗಜಣ್ಣ, ನನ್ನ ಗಂಡ. ಅಷ್ಟರಲ್ಲಿ ಹೊರಗೆ ಮಳೆ ರಪರಪ ಬಿತ್ತು. ಕಾಲು ಗಂಟೆ ಸುರಿದು, ಹೇಳಹೆಸರಿಲ್ಲದಂತೆ ನಿಂತು, ಮತ್ತೆ ಬಿಸಿಲು ಬಂತು.

"ಕೊನೇದಾಗಿ ನೋಡಿದ್ದು ಯಾರು?"

"ನಾನು" ಎಂದರು ನನ್ನ ಗಂಡ. "ಹತ್ತೂವರೆ ಹೊತ್ತಿಗೆ ಹಿಂದಿನ ಗೇಟಿಂದ ಆಚೆ ಹೋಗ್ತಿದ್ದ. ಶೆಡ್ಡಿಂದ ಕಾಣಿಸಿದ. ಏನೋ ಸಿಟ್ಟಲ್ಲಿದ್ದ ಹಾಗಿತ್ತು."

"ನೀವು ಶೆಡ್ ಬಿಟ್ಟು ಬಂದಿದ್ರಾ?"

"ಬೆಳಗಿನಿಂದ ಬೆಸುಗೆ ಕೆಲಸ. ತಲೆ ಎತ್ತೋಕೆ ಪುರುಸೊತ್ತಿಲ್ಲ."

"ಹೌದು, ಇವರು ಅಲ್ಲೇ ಇದ್ರು" ಎಂದೆ ನಾನು, ಯಾರೂ ಕೇಳದೆ. ಕಿಟಕಿಯಿಂದ ಬೆಸುಗೆಯ ನೀಲಿ ಬೆಳಕು ಆಗಾಗ ಕಂಡಿತ್ತು. ಆಗಾಗ ಮಾತ್ರ. ಅದು ಆಗ ನನಗೆ ಹೊಳೆಯಲಿಲ್ಲ.

ಮ್ಯಾನೇಜರ್ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ಮೇಡಂ, ಹುಡುಗ ಬೇಜಾರಾಗಿ ಎಲ್ಲೋ ಹೋಗಿರ್ತಾನೆ. ನಲವತ್ತು ಪೆಟ್ಟಿಗೆ ಇವತ್ತಿನ ಹಡಗಿಗೆ ಅಂತ ನಾನೇ ಅವಸರ ಮಾಡಿದ್ದೆ, ಸ್ವಲ್ಪ ಬೈದೆ ಕೂಡ. ಪೆಟ್ಟಿಗೆ ಎಲ್ಲಾ ಹೋಯ್ತಲ್ಲ, ಇವನೂ ಹೋದ."

"ಬೈಕ್ ಬಿಟ್ಟು?"

ಮ್ಯಾನೇಜರ್ ಕರವಸ್ತ್ರ ಮಡಚಿ ಜೇಬಿಗೆ ತುರುಕಿದರು.

"ಹತ್ತೂವರೆಯಿಂದ ನಾನೂ ಫೋನ್ ಮಾಡ್ತಿದ್ದೀನಿ, ಸಿಗ್ತಿಲ್ಲ. ಈ ಊರಲ್ಲಿ ಸಿಗ್ನಲ್ ಸಿಗದ ಜಾಗ ಯಾವುದಿದೆ?" ವಿಮೆಯಮ್ಮ ಕಿಟಕಿಯಾಚೆ ನೋಡಿದರು. ಅಲ್ಲಿ ಕಬ್ಬಿಣದ ಪೆಟ್ಟಿಗೆಗಳ ಗೋಡೆ.

"ಇಲ್ಲ ಮೇಡಂ" ಎಂದರು ನನ್ನ ಗಂಡ ತಟ್ಟನೆ. "ಟಾರ್ಚ್ ಇಲ್ಲೇ ಇದೆ ನೋಡಿ. ಪೆಟ್ಟಿಗೆ ಒಳಗೆ ಹೋಗೋನು ಟಾರ್ಚ್ ಬಿಟ್ಟು ಹೋಗ್ತಾನಾ?"

ವಿಮೆಯಮ್ಮ ನನ್ನತ್ತ ತಿರುಗಿದರು. "ಬೆಳಕಿನ ಪರೀಕ್ಷೆ ಹೇಗೆ ಮಾಡ್ತಾರೆ ಹೇಳಮ್ಮ."

ನಾನು ಹೇಳಿದೆ. ಪರೀಕ್ಷಕ ಖಾಲಿ ಪೆಟ್ಟಿಗೆಯೊಳಗೆ ನಿಲ್ಲುತ್ತಾನೆ. ಹೊರಗಿನಿಂದ ಒಬ್ಬರು ಎರಡೂ ಬಾಗಿಲು ಹಾಕುತ್ತಾರೆ. ಒಳಗೆ ಗವ್ವೆನ್ನುವ ಕತ್ತಲು. ಎಲ್ಲಾದರೂ ಸೂಜಿಮೊನೆಯಷ್ಟು ಬೆಳಕು ಕಂಡರೂ ಅಲ್ಲಿ ತೂತಿದೆ ಎಂದರ್ಥ. ಬೆಳಕು ಬಂದಲ್ಲಿ ನೀರೂ ಬರುತ್ತದೆ. ನೋಡಿ ಮುಗಿದ ಮೇಲೆ ಒಳಗಿನಿಂದ ಮೂರು ಸಲ ಬಡಿಯುತ್ತಾನೆ, ಹೊರಗಿನವರು ತೆಗೆಯುತ್ತಾರೆ. ಒಳಗಿನಿಂದ ತೆಗೆಯಲು ಬರುವುದಿಲ್ಲ, ಹಿಡಿ ಇರುವುದೇ ಹೊರಗೆ. ಪಾಸಾದರೆ ಅವನು ಬಾಗಿಲ ಮೇಲೆ ತಾರೀಖು ಬರೆದು ಸರಿ ಗುರುತು ಹಾಕುತ್ತಾನೆ.

"ಆ ಪರೀಕ್ಷೆಗೆ ಟಾರ್ಚ್ ಬೇಕಾ?"

"ಬೇಡ" ಎಂದೆ. "ಕಣ್ಣಿಗೆ ಕತ್ತಲು ಒಗ್ಗಬೇಕು. ಟಾರ್ಚ್ ಬಿಟ್ಟೇ ಹೋಗ್ತಾನೆ."

"ಹಾಗಾದ್ರೆ ಟಾರ್ಚ್ ಮೇಜಿನ ಮೇಲಿದೆ ಅಂದ್ರೆ ಅವನು ಪೆಟ್ಟಿಗೆ ಒಳಗೆ ಹೋಗಿದ್ದಾನೆ ಅಂತಲೇ. ಇವತ್ತು ಬಾಗಿಲು ಹಾಕಿದ್ದು ಯಾರು?"

"ಯಾವಾಗ್ಲೂ ಹಾಕೋ ಆಳು ರಜೆ" ಎಂದ ಗಜಣ್ಣ. "ಯಾರು ಸಿಕ್ತಾರೋ ಅವರನ್ನ ಕೂಗ್ತಿದ್ದ. ನನ್ನನ್ನಂತೂ ಕರೀಲಿಲ್ಲ. ನಾನು ಗುರುತು ಬಿದ್ದ ಪೆಟ್ಟಿಗೆ ಎತ್ತೋದು, ಲಾರಿ ಮೇಲಿಡೋದು, ಅಷ್ಟೇ. ಗುರುತಿಲ್ಲದ್ದನ್ನ ಮುಟ್ಟಿದವನೇ ಅಲ್ಲ."

"ಒಳಗಿಂದ ಬಡಿದ ಸದ್ದು ಕೇಳಿಸ್ಲಿಲ್ವಾ?"

"ಅಮ್ಮಾ, ಆ ಎಂಜಿನ್ ಮೇಲೆ ಕೂತ್ರೆ ಪಕ್ಕದಲ್ಲಿ ಸಿಡಿಲು ಬಿದ್ರೂ ಕೇಳಲ್ಲ." ಮಾತು ಮುಗಿಸುವಷ್ಟರಲ್ಲಿ ಅವನ ಮುಖ ಬಿಳಿಚಿಕೊಂಡಿತು. ತಾನು ಏನನ್ನು ಎತ್ತಿರಬಹುದೆಂದು ಅವನಿಗೂ ಅರ್ಥವಾಗಿತ್ತು.

ಅಂಗಳದಲ್ಲಿ ಉಳಿದ ಪೆಟ್ಟಿಗೆಗಳೆಲ್ಲ ಬಾಗಿಲು ತೆರೆದೇ ನಿಂತಿದ್ದವು. ಮುಚ್ಚಿದ್ದ ನಲವತ್ತೂ ಬಂದರಿಗೆ ಹೋಗಿದ್ದವು. ಮ್ಯಾನೇಜರ್ ಜೀಪು ತೆಗೆದರು, ವಿಮೆಯಮ್ಮನೂ ಗಜಣ್ಣನೂ ಹತ್ತಿದರು. ಗಂಡ ನನ್ನ ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡಿದ್ದರು. ಅವರ ಅಂಗೈ ಬೆವರಿತ್ತು. ನನ್ನ ತಮ್ಮನಿಗಾಗಿ ಇಷ್ಟು ಹೆದರಿದ್ದಾರಲ್ಲ ಎಂದು ಆ ಸಂಕಟದಲ್ಲೂ ಅವರ ಮೇಲೆ ಪ್ರೀತಿ ಉಕ್ಕಿತು.

ಬಂದರಿನ ಧಕ್ಕೆಯಲ್ಲಿ ನಮ್ಮ ಪೆಟ್ಟಿಗೆಗಳು ಒಂದರ ಮೇಲೊಂದು ನಾಲ್ಕರಂತೆ, ಹತ್ತು ಸಾಲು ನಿಂತಿದ್ದವು. ಬಾಗಿಲುಗಳೆಲ್ಲ ಸಮುದ್ರದ ಕಡೆಗೆ. ನಮ್ಮ ಬೆನ್ನಿಗೆ ಹಡಗು, ಮೇಲೆ ಕ್ರೇನು, ನೆತ್ತಿಯ ಮೇಲೆ ಹನ್ನೆರಡೂವರೆಯ ಬಿಸಿಲು. ಮಳೆಯ ನೀರು ಕಬ್ಬಿಣದಿಂದ ಆವಿಯಾಗಿ ಏಳುತ್ತಿತ್ತು. ನಾನು ಒಂದು ಪೆಟ್ಟಿಗೆಗೆ ಅಂಗೈ ಊರಿದೆ. ಚುರ್ ಎಂದಿತು.

ಧಕ್ಕೆಯ ಮೇಲ್ವಿಚಾರಕ ಒಳ್ಳೆಯವನು. ಕೇಳಿದೊಡನೆ ಕ್ರೇನು ನಿಲ್ಲಿಸಿದ. ಕೂಲಿಯವರು ಸಲಾಕೆ ಹಿಡಿದು ಕೈಗೆಟುಕಿದ ಪೆಟ್ಟಿಗೆಗಳನ್ನೆಲ್ಲ ಬಡಿದರು. ನಾನು ಕಿವಿಯಿಟ್ಟು ಕೇಳಿದೆ. ಹೆಸರು ಹಿಡಿದು ಕೂಗಿದೆ. ಉತ್ತರವಿಲ್ಲ.

"ಮೂರ್ಛೆ ಹೋಗಿರಬಹುದು" ಎಂದ ಮೇಲ್ವಿಚಾರಕ ಮೆಲ್ಲಗೆ. "ಮೇಲಿನ ಭಾರಕ್ಕೆ ಬಾಗಿಲು ಬಿಗಿದಿರುತ್ತೆ, ಮೇಲಿನದನ್ನ ಒಂದೊಂದಾಗಿ ಇಳಿಸಿದ್ರೇನೇ ತೆಗೆಯೋಕಾಗೋದು. ಒಂದಕ್ಕೆ ಹತ್ತು ನಿಮಿಷ ಅಂದ್ರೂ ಸಂಜೆ ಆಗುತ್ತೆ. ಒಳಗೆ ಈಗ ಒಲೆ ಇದ್ದ ಹಾಗಿರುತ್ತೆ ಅಮ್ಮ. ಯಾವ ಕಡೆಯಿಂದ ಶುರು ಮಾಡ್ಲಿ?"

ಯಾವ ಕಡೆಯಿಂದ? ನಾನು ನಲವತ್ತು ಬಾಗಿಲುಗಳನ್ನು ನೋಡಿದೆ. ತಪ್ಪು ಕಡೆಯಿಂದ ಶುರು ಮಾಡಿದರೆ ನನ್ನ ತಮ್ಮ ಇಲ್ಲ. ಅಷ್ಟೇ.

"ಈ ತುದಿಯಿಂದ ಮಾಡಿ" ಎಂದರು ನನ್ನ ಗಂಡ, ಎಡಗಡೆ ತೋರಿಸಿ. "ಮೊದಲು ಬಂದದ್ದು ಈ ಕಡೇದು."

"ಸುಮ್ನಿರಿ" ಎಂದರು ವಿಮೆಯಮ್ಮ.

ಅವರು ಸಾಲಿನುದ್ದಕ್ಕೂ ಕುಂಟುತ್ತ ನಡೆದರು. ಬಾಗಿಲುಗಳ ಮೇಲಿನ ಗುರುತುಗಳನ್ನು ನೋಡುತ್ತಿದ್ದರು. ಹಿಂದೆ ನಾನೂ ನಡೆದೆ. ಮಳೆಗೆ ತಮ್ಮನ ಅಕ್ಷರಗಳೆಲ್ಲ ಕರಗಿ ಬೆಳ್ಳಗೆ ಸೋರಿದ್ದವು. ಕೆಲವು ಓದಲೂ ಬರುವಂತಿರಲಿಲ್ಲ. ಎಂಟನೆಯ ಸಾಲಿನಲ್ಲಿ, ಕೆಳಗಿನಿಂದ ಎರಡನೆಯ ಪೆಟ್ಟಿಗೆಯ ಮುಂದೆ ಅವರು ನಿಂತರು.

"ಏಣಿ!"

ನೋಯುವ ಮಂಡಿಯಲ್ಲೇ ಹತ್ತಿದರು. ಹೆಬ್ಬೆರಳಿಗೆ ಎಂಜಲು ಹಚ್ಚಿ ಗುರುತಿನ ಮೇಲೆ ಉಜ್ಜಿ, ಬೆರಳು ನೋಡಿಕೊಂಡರು. ಗುರುತು ಹಾಗೇ ಇತ್ತು. ತಾರೀಖು, ಸರಿ ಚಿಹ್ನೆ, ಎರಡೂ ಸ್ಪಷ್ಟ.

"ನಿನ್ನ ತಮ್ಮ ಎಂಥದ್ರಲ್ಲಿ ಬರೀತಾನೆ?"

"ಸೀಮೆಸುಣ್ಣ. ಡಬ್ಬಿ ನಾನೇ ತರಿಸಿಕೊಡ್ತೀನಿ."

"ಇದು ಸೀಮೆಸುಣ್ಣ ಅಲ್ಲ. ಅಕ್ಕಪಕ್ಕದ್ದೆಲ್ಲ ಇದೇ ಮಳೆಗೆ ತೊಳೆದುಹೋಗಿದೆ, ಇದು ಅಲ್ಲಾಡಿಲ್ಲ. ಗೆರೆ ಚಪ್ಪಟೆಯಾಗಿದೆ, ಹೊಳೀತಿದೆ. ಇದೇನು ಗೊತ್ತಾ ನಿನಗೆ?"

ಗೊತ್ತಿತ್ತು. ನೋಡಿದ ಕ್ಷಣವೇ ಗೊತ್ತಾಗಿತ್ತು. ಹಿಂದೆ ನನ್ನ ಗಂಡ ನಿಂತಿದ್ದರು. ಅವರ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಹದಿನೇಳು ವರ್ಷ ಪಕ್ಕದಲ್ಲಿ ಮಲಗಿ ಕೇಳಿದ ಉಸಿರು. ಅದಕ್ಕೆ ನಾನು ಜೀವನದಲ್ಲಿ ಮೊದಲ ಸಲ ಹೆದರಿದೆ.

"ಹೇಳಮ್ಮ, ಹೊತ್ತಿಲ್ಲ."

"ಬಳಪದ ಕಲ್ಲು" ಎಂದೆ. "ಕಬ್ಬಿಣದ ಮೇಲೆ ಗೆರೆ ಹಾಕೋಕೆ ವೆಲ್ಡರ್‌ಗಳು ಇಟ್ಕೊಳ್ಳೋದು. ಬೆಂಕಿಗೂ ಹೋಗಲ್ಲ, ನೀರಿಗೂ ಹೋಗಲ್ಲ. ಬಟ್ಟೆ ಒಗೆಯುವಾಗೆಲ್ಲ ಅಂಗಿ ಜೇಬಿಂದ ನಾನೇ ತೆಗೆದಿಡ್ತೀನಿ."

"ಇದನ್ನೇ ಇಳಿಸಿ! ಮೊದಲು ಇದು!" ವಿಮೆಯಮ್ಮ ಏಣಿಯ ಮೇಲಿನಿಂದಲೇ ಅರಚಿದರು. ಮೇಲಿದ್ದ ಎರಡನ್ನು ಸರಿಸಲು ಕ್ರೇನು ಗರಗರ ತಿರುಗಿತು. ಬಂದರಿನ ಕಾವಲಿನವರು ಇಬ್ಬರು ನನ್ನ ಗಂಡನ ಎರಡೂ ಕಡೆ ಬಂದು ನಿಂತರು.

"ಏನ್ ಮಾತಾಡ್ತಿದ್ದೀರಿ?" ಎಂದರು ಅವರು. "ಬಳಪ ಯಾರ ಹತ್ರ ಬೇಕಾದ್ರೂ ಇರಬಹುದು. ಅವನೇ ನನ್ನ ಶೆಡ್ಡಿಂದ ತಗೊಂಡು ಬರೆದಿರಬಹುದು."

"ಅವನ ಜೇಬಲ್ಲಿ ಸೀಮೆಸುಣ್ಣ ಇರುವಾಗ ನಿಮ್ಮ ಕಲ್ಲು ಯಾಕೆ?" ವಿಮೆಯಮ್ಮ ಕೆಳಗಿಳಿದು ಅವರ ಎದುರು ನಿಂತರು. "ನಾನು ಹೇಳ್ತೀನಿ ಕೇಳಿ. ನೀವು ತೂತಿಗೆ ತಗಡು ಬೆಸೀತಿರಲಿಲ್ಲ. ಅದಕ್ಕೆ ಅರ್ಧ ದಿನ ಬೇಕು. ಪುಟ್ಟಿ ಥರದ ಲಪ್ಪ ಮೆತ್ತಿ ಬಣ್ಣ ಹೊಡೆದ್ರೆ ಹತ್ತು ನಿಮಿಷ. ಅಲೆಗೆ ಲಪ್ಪ ಉದುರಿತು, ಬಟ್ಟೆ ಕೊಳೀತು. ಅದರ ಚೂರು ಆ ಎರಡು ಪೆಟ್ಟಿಗೇಲಿ ನಾನೇ ನೋಡಿದ್ದೀನಿ. ಹುಡುಗ ಅದನ್ನ ಕಂಡುಹಿಡಿದ. ಭಾವನ ವಿಷಯ ಅಂತ ಅಕ್ಕನಿಗೆ ಹೇಳೋಕೆ ಬಾಯಿ ಬರಲಿಲ್ಲ, ನನ್ನನ್ನ ಕರೆದ. ಇವತ್ತು ಬಾಗಿಲು ಹಾಕೋಕೆ ಜನ ಇರಲಿಲ್ಲ, ನಿಮ್ಮನ್ನ ಕೂಗಿದ. ಅವನು ಒಳಗೆ ಹೋದ. ನೀವು ಹಾಕಿದ ಬಾಗಿಲು ತೆಗೀಲಿಲ್ಲ."

"ಒಂದು ಗಂಟೆ ಮಟ್ಟಿಗೆ ಅಂತ ಅಷ್ಟೇ!" ನನ್ನ ಗಂಡನ ದನಿ ಒಡೆಯಿತು. "ಕೈಮುಗಿದು ಕೇಳಿದ್ದೆ, ಹೇಳ್ಬೇಡ ಅಂತ. ಕೇಳ್ಲಿಲ್ಲ. ನೀವು ಬಂದು ಹೋಗೋವರೆಗೂ ಇರ್ಲಿ ಅಂದ್ಕೊಂಡೆ. ಅಷ್ಟರಲ್ಲಿ ಗಜಣ್ಣ ಎತ್ಕೊಂಡು ಹೋಗಿಬಿಟ್ಟ. ಆಮೇಲೆ ಹೇಳೋಕೆ ಭಯ ಆಯ್ತು..."

"ಗಜಣ್ಣ ಗುರುತಿಲ್ಲದ್ದನ್ನ ಎತ್ತಲ್ಲ."

ನನ್ನ ಗಂಡ ಅಂಗಿ ಜೇಬಿನ ಮೇಲೆ ಕೈಯಿಟ್ಟರು.

"ಪರೀಕ್ಷೆ ಮಾಡಿದವನು ಆಚೆ ಬಂದ ಮೇಲೇ ಗುರುತು ಬೀಳೋದು" ಎಂದರು ವಿಮೆಯಮ್ಮ. "ಇವನು ಆಚೆ ಬರಲೇ ಇಲ್ಲ, ಸೀಮೆಸುಣ್ಣ ಅವನ ಜೊತೆ ಒಳಗೇ ಉಳೀತು. ನಿಮ್ಮ ಜೇಬಲ್ಲಿದ್ದದ್ದು ಇದು ಒಂದೇ. ಹೆದರಿದವನು ಬಾಗಿಲು ಹಾಕಿರಬಹುದು, ಒಪ್ಪಿದೆ. ಆದ್ರೆ ತಾರೀಖು ಬರೆದು ಸರಿ ಹಾಕಿದ್ದು ಈ ಪೆಟ್ಟಿಗೆ ಹಡಗು ಹತ್ತಲಿ ಅಂತ. ಇಪ್ಪತ್ತು ದಿನ ಸಮುದ್ರದ ಮೇಲಿರಲಿ ಅಂತ. ಈ ಕೆಲಸ ಮಾಡಿದ್ದು ನೀವೇ. ನಿಮ್ಮ ಹೆಂಡತಿ ಮುಖ ನೋಡಿ ಇಲ್ಲ ಅನ್ನಿ ನೋಡೋಣ."

ಅವರು ನನ್ನ ಮುಖ ನೋಡಲಿಲ್ಲ. ನಾನೂ ಅವರನ್ನು ನೋಡಲಿಲ್ಲ. ಪೆಟ್ಟಿಗೆ ನೆಲಕ್ಕೆ ಇಳಿಯುತ್ತಿತ್ತು.

ಮೇಲ್ವಿಚಾರಕ ಬಾಗಿಲ ಸಲಾಕೆ ತಿರುಗಿಸಿದ. ಒಳಗಿನಿಂದ ಬಿಸಿಗಾಳಿ ಮುಖಕ್ಕೆ ರಾಚಿತು. ತಮ್ಮ ಬಾಗಿಲಿಗೇ ಒರಗಿ ಬಿದ್ದಿದ್ದ, ತೆಗೆದೊಡನೆ ನನ್ನ ಕಾಲ ಮೇಲೆ ಜಾರಿದ. ಅಂಗಿ ಹಿಂಡುವಂತೆ ಒದ್ದೆ. ಬಡಿದು ಬಡಿದು ಎರಡೂ ಮುಷ್ಟಿಗಳ ಚರ್ಮ ಸುಲಿದು ರಕ್ತ ಹೆಪ್ಪುಗಟ್ಟಿತ್ತು. ಮೂಗಿನ ಬಳಿ ಬೆರಳಿಟ್ಟೆ. ಉಸಿರಿತ್ತು. ತೆಳ್ಳಗೆ, ಆದರೆ ಇತ್ತು.

ಯಾರೋ ತಲೆಗೆ ನೀರು ಸುರಿದರು. ಗಜಣ್ಣ ಟೋಪಿಯಲ್ಲಿ ಗಾಳಿ ಹಾಕುತ್ತ ಮಗುವಿನಂತೆ ಅಳುತ್ತಿದ್ದ. ಬಹಳ ಹೊತ್ತಾದ ಮೇಲೆ ತಮ್ಮ ಕಣ್ಣು ಬಿಟ್ಟ. ನನ್ನನ್ನು ಗುರುತಿಸಿದ. ತುಟಿ ಅಲ್ಲಾಡಿತು, ನಾನು ಕಿವಿ ಹತ್ತಿರ ತಂದೆ.

"ಅಕ್ಕ... ಭಾವ ಎಲ್ಲಿ?"

"ಮಾತಾಡ್ಬೇಡ, ನೀರು ಕುಡಿ."

"ಅಷ್ಟು ಬಡಿದೆ ಅಕ್ಕ. ಹೊರಗೆ ಭಾವ ಇದ್ರು. ಬಾಗಿಲು ತೆಗೀಲೇ ಇಲ್ಲ." ಅವನ ಕಣ್ಣಲ್ಲಿ ನೀರು ತುಂಬಿತು. "ಎದೆನೋವು ಬಂದು ಹೊರಗೇ ಬಿದ್ದುಬಿಟ್ರೇನೋ ಅಂತ ಭಯ ಆಯ್ತು. ಯಾರಾದ್ರೂ ಅವರನ್ನ ನೋಡ್ಲಿ ಅಂತ ಬಡೀತಾನೇ ಇದ್ದೆ. ಅವರಿಗೇನೂ ಆಗಿಲ್ಲ ತಾನೇ?"

ಐದಾರು ಹೆಜ್ಜೆಯಾಚೆ ನನ್ನ ಗಂಡ ಕಾವಲಿನವರ ನಡುವೆ ನಿಂತಿದ್ದರು. ಅವರಿಗೆ ಅದು ಕೇಳಿಸಿತು.

"ಇಲ್ಲ ಮರಿ" ಎಂದೆ. "ಅವರಿಗೇನೂ ಆಗಿಲ್ಲ."