ಅವನ ಎಡಗಣ್ಣು

"ಬೋರ್ಡು ಗೋಡೆ ಮೇಲಿದೆ ರೀ... ನನ್ನ ಮುಖದ ಮೇಲಲ್ಲ!"

ಕಣ್ಣಿನ ಡಾಕ್ಟರಮ್ಮ ಗದರಿದಳು. ಕುರ್ಚಿಯಲ್ಲಿ ಕೂತಿದ್ದವನು ಜಪ್ಪಯ್ಯ ಅಂದರೂ ಕದಲಲಿಲ್ಲ. ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಅವಳ ಕಡೆಗೇ ಮುಖ ಮಾಡಿ, ಮೇಲಿನ ಸಾಲಿನಿಂದ ಕೊನೇ ಸಾಲಿನವರೆಗೆ ಅಕ್ಷರಗಳನ್ನು ಪಟಪಟ ಹೇಳಿಬಿಟ್ಟ. ಒಂದೂ ತಪ್ಪಿಲ್ಲ!

'ಅಬ್ಬಾ, ಎಂಥಾ ಧೈರ್ಯ! ಬಂದ ತಕ್ಷಣ ಬೋರ್ಡು ಓದಿಕೊಂಡು, ಈಗ ನನ್ನನ್ನ ನೋಡ್ತಾ ಕೂತಿದ್ದಾನಲ್ಲ...'

ಇನ್ನೊಂದು ಸಲ ಓದಿ ಅನ್ನಬೇಕಿತ್ತು. ಟಾರ್ಚ್ ಬಿಟ್ಟು ಕಣ್ಣಿನೊಳಗೆ ನೋಡಬೇಕಿತ್ತು. ಆದರೆ ಕೆನ್ನೆ ಬಿಸಿಯಾಗಿತ್ತು. ತಲೆ ತಗ್ಗಿಸಿ, 'ಎರಡೂ ಕಣ್ಣು ಸರಿಯಾಗಿವೆ' ಅಂತ ಬರೆದು ಸಹಿ ಹಾಕಿದಳು.

ಅವನು ಪಂಜರದೊಳಗೆ ಕಾದಾಡುವವನು. ಗುದ್ದು, ಒದೆ, ಕುಸ್ತಿಯ ಪಟ್ಟು ಎಲ್ಲಾ ಬೆರೆತ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್. ಹಿಡಿದರೆ ಬಿಡುವುದಿಲ್ಲ ಅಂತ ಜನ ಅವನಿಗೆ 'ಉಡ' ಅಂತ ಹೆಸರಿಟ್ಟಿದ್ದರು. ಮೂರು ವರ್ಷದ ಹಿಂದೆ ಹಳೇ ಗೋಡೌನಿನಲ್ಲಿ ನಲವತ್ತು ಜನರ ಮುಂದೆ ನಡೆಯುತ್ತಿದ್ದ ಆಟ ಈಗ ಕ್ರೀಡಾಂಗಣ ತುಂಬಿಸುತ್ತಿತ್ತು. ಟೀವಿಯಲ್ಲೂ ಅದೇ, ಬಸ್ಸಿನ ಹಿಂದಿನ ಪೋಸ್ಟರಿನಲ್ಲೂ ಅದೇ. ಸ್ಕೂಲ್ ಹುಡುಗಿಯರೂ ಬೆರಳು ಕಾಣುವ ಗ್ಲೌಸ್ ಹಾಕಿಕೊಂಡು ಓಡಾಡುವ ಕಾಲ! ಹಾಗಾಗಿಯೇ ಕಣ್ಣಿನ ಪರೀಕ್ಷೆ ಕಡ್ಡಾಯವಾಗಿ, ಇವಳ ಸಣ್ಣ ಕ್ಲಿನಿಕ್ಕಿಗೆ ಆ ಕೆಲಸ ಸಿಕ್ಕಿತ್ತು.

"ಹೊಡೆದಾಡೋರಿಗೆ ಕಣ್ಣಿನ ಪರೀಕ್ಷೆ ಯಾಕೇ? ಮೊದಲು ತಲೆ ಪರೀಕ್ಷೆ ಮಾಡಿಸು!" ಅಂತ ಅವಳನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ರೇಗಿಸುತ್ತಿದ್ದಳು.

ಆದರೆ ಉಡ ಮನೆಗೆ ಬರಲು ಶುರು ಮಾಡಿದ ಮೇಲೆ ಚಿಕ್ಕಮ್ಮನೇ ಅವನ ಪಕ್ಷ ಸೇರಿದಳು. ಎಂಟು ತಿಂಗಳಲ್ಲಿ 'ನೀವು' ಹೋಗಿ 'ನೀನು' ಬಂತು. ಪಂಜರದಲ್ಲಿ ಹುಲಿಯಂಥವನು ಇವಳ ಮುಂದೆ ಮಾತು ತಡವರಿಸುತ್ತಿದ್ದ. ಅದನ್ನು ಕಂಡರೆ ಅವಳಿಗೆ ಎಲ್ಲಿಲ್ಲದ ಖುಷಿ.

ಚಾಂಪಿಯನ್‌ಶಿಪ್ ಫೈನಲ್ಲಿಗೆ ಒಂಬತ್ತೇ ದಿನ ಇತ್ತು. ಭಾನುವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಚಿಕ್ಕಮ್ಮ ಅವನ ಎಡಗಡೆಯಿಂದ ಟೀ ಲೋಟ ಚಾಚಿದಳು. ಅವನ ಕೈ ಗಾಳಿಯಲ್ಲಿ ತಡಕಾಡಿತು. ಲೋಟ ಬಿತ್ತು.

"ನನ್ನ ಕೈ ಗುದ್ದೋದಕ್ಕೆ ಮಾತ್ರ ಲಾಯಕ್ಕು ಚಿಕ್ಕಮ್ಮ!" ಅಂತ ನಕ್ಕ.

ಡಾಕ್ಟರಮ್ಮ ನಗಲಿಲ್ಲ. ಸೀದಾ ಬಂದು ಅವನ ಬಲಗಣ್ಣನ್ನು ಕೈಯಿಂದ ಮುಚ್ಚಿದಳು.

"ಎಷ್ಟು ಬೆರಳು?"

"ಏಯ್, ಬಿಡೇ..."

"ಎಷ್ಟು ಬೆರಳು ಹೇಳು!"

"...ಎರಡು."

ಅವಳು ಬೆರಳು ಎತ್ತಿರಲೇ ಇಲ್ಲ.

ಚಿಕ್ಕಮ್ಮ ಒಲೆ ಆರಿಸಿ ಆಚೆ ಹೋದಳು.

"ಯಾವತ್ತಿಂದ?" ಅಂತ ಅವಳು ಕೇಳಿದಳು.

"ನಿನ್ನ ಹತ್ರ ಬರೋದಕ್ಕೂ ಮುಂಚಿಂದ. ಆಗ ಬರೀ ಮಬ್ಬಿತ್ತು. ಈಗ... ಏನೂ ಇಲ್ಲ."

"ಆದರೆ ಬೋರ್ಡು ಪೂರ್ತಿ ಓದಿದೆಯಲ್ಲೋ!"

"ಪರೀಕ್ಷೆ ಶುರುವಾದಾಗಿಂದ ಅದೇ ಬೋರ್ಡು. ನಮ್ಮ ಜಿಮ್‌ನಲ್ಲಿ ಎಲ್ಲರಿಗೂ ಅದು ಬಾಯಿಪಾಠ, ಮಗ್ಗಿ ಥರ. ಹೊಸಬರಿಗೆ ಮೊದಲು ಕಲಿಸೋದೇ ಅದನ್ನ."

"ಹಾಗಾದ್ರೆ... ಅವತ್ತು ನನ್ನನ್ನೇ ನೋಡ್ತಾ ಇದ್ದದ್ದು?"

ಅವನು ತಲೆ ತಗ್ಗಿಸಿದ. "ಆ ಮಬ್ಬಲ್ಲಿ ನಿನ್ನ ಮುಖ ಕಾಣ್ತಾ ಇರಲಿಲ್ಲ. ದನಿ ಬಂದ ಕಡೆ ತಿರುಗಿದ್ದೆ, ಅಷ್ಟೇ."

ಎಂಟು ತಿಂಗಳು ಎದೆಯಲ್ಲಿಟ್ಟು ಸಾಕಿದ ಆ ನೋಟ... ಅದು ನೋಟವೇ ಆಗಿರಲಿಲ್ಲ! ಅದಕ್ಕೆ ನಾಚಿಕೊಂಡು ತಾನು ಟಾರ್ಚ್ ಕೂಡ ಎತ್ತಿರಲಿಲ್ಲ. ಅವತ್ತೇ ಹಿಡಿದಿದ್ದರೆ ಆ ಕಣ್ಣು ಉಳಿಯುತ್ತಿತ್ತೇನೋ.

"ಫೈನಲ್ ಬೇಡ. ಇನ್ನೊಂದು ಕಣ್ಣಿಗೂ ಏಟು ಬಿದ್ರೆ ಕತ್ತಲೆ ಕಣೋ, ಪೂರ್ತಿ ಕತ್ತಲೆ!"

"ಒಂದೇ ಒಂದು ಆಟ. ಗೋಡೌನಿನ ಕಾಲದಿಂದ ಕಾದಿದ್ದೀನಿ. ಯಾರಿಗೂ ಬರೀಬೇಡ. ನಿನ್ನ ಕಾಲಿಗೆ ಬೀಳ್ತೀನಿ."

ಅವಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಅತ್ತು ಮುಗಿಸಿ, ಆಟದ ಮಂಡಳಿಗೆ ಪತ್ರ ಬರೆದಳು.

ಎರಡೇ ದಿನದಲ್ಲಿ ಪೋಸ್ಟರಿನಿಂದ ಅವನ ಮುಖ ಹೋಯಿತು. ಅವನು ಕ್ಲಿನಿಕ್ಕಿನ ಬಾಗಿಲಲ್ಲಿ ಬಂದು ನಿಂತ.

"ಕಣ್ಣು ನಾನೇ ಕಳ್ಕೊಂಡೆ. ಆದರೆ ಬದುಕು... ಅದನ್ನ ನೀನು ಕಿತ್ಕೊಂಡೆ!"

ಅವನು ಹೋದ. ಫೋನ್ ಎತ್ತಲಿಲ್ಲ. ಆಪರೇಷನ್‌ಗೆ ಅಂತ ಅವಳು ಗೊತ್ತುಮಾಡಿಕೊಟ್ಟ ಆಸ್ಪತ್ರೆಗೆ ಕೋಚ್ ಜೊತೆ ಹೋದ, ಇವಳನ್ನು ಕರೆಯಲಿಲ್ಲ. ತುಂಬಾ ತಡವಾಗಿದೆ ಅಂದರಂತೆ. ಆ ಸುದ್ದಿ ಕೇಳಿದ ದಿನ ಅವಳು ಕ್ಲಿನಿಕ್ಕಿನ ಬೋರ್ಡು ಕಿತ್ತು ಚೂರು ಚೂರು ಮಾಡಿದಳು. ಆದರೆ ಚೂರಾದದ್ದು ಬೋರ್ಡು ಮಾತ್ರ, ಸಂಕಟ ಹಾಗೇ ಇತ್ತು.

ಫೈನಲ್ ದಿನ ಬೀದಿ ಬೀದಿಯಲ್ಲೂ ಟೀವಿ ಮುಂದೆ ಜನ ಕಿರುಚುತ್ತಿದ್ದರು. ಅವನ ಜಾಗದಲ್ಲಿ ಇನ್ಯಾರೋ ಗೆದ್ದರು. ಚಿಕ್ಕಮ್ಮ ಮನೆಯ ಟೀವಿ ಆರಿಸಿ, ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು.

ಐದು ತಿಂಗಳು ಕಳೆಯಿತು.

ಒಂದು ಸಂಜೆ ಕ್ಲಿನಿಕ್ ಮುಚ್ಚುವ ಹೊತ್ತಿಗೆ ಅವನು ಬಂದ. ಸೊರಗಿದ್ದ. ಕೈಯಲ್ಲಿ ಒಂದು ಕಾಗದ.

"ಮಂಡಳಿಗೆ ನೀನು ಬರೆದ ಪತ್ರ. ಕೋಚ್ ಇವತ್ತು ಕೊಟ್ಟರು. 'ಪರೀಕ್ಷೆ ಸರಿಯಾಗಿ ಮಾಡದೆ ಸಹಿ ಹಾಕಿದ್ದು ನಾನು. ತಪ್ಪು ನನ್ನದು. ನನ್ನನ್ನು ಈ ಕೆಲಸದಿಂದ ತೆಗೆಯಿರಿ'... ಇದನ್ನ ಯಾಕೆ ನನಗೆ ಹೇಳಲಿಲ್ಲ?"

"ಹೇಳಿದ್ರೆ ನಿನ್ನ ಕಣ್ಣು ವಾಪಸ್ ಬರ್ತಿತ್ತಾ?"

"ಸುಳ್ಳು ಹೇಳಿ ಮೋಸ ಮಾಡಿದ್ದು ನಾನು ಕಣೇ! ನನ್ನ ತಪ್ಪನ್ನ ನೀನು ಹೊತ್ಕೊಂಡೆ. ನಾನು ನಿನ್ನನ್ನೇ ಬೈದು ಹೋದೆ..." ಪಂಜರದಲ್ಲಿ ಒಮ್ಮೆಯೂ ಅಳದವನು ರೋಗಿಗಳ ಬೆಂಚಿನ ಮೇಲೆ ಕೂತು ಅತ್ತ.

"ಈಗ ಏನು ಮಾಡ್ತಿದ್ದೀಯಾ?" ಅಂತ ಅವಳು ಮೆಲ್ಲಗೆ ಕೇಳಿದಳು.

"ಹೊಸಬರಿಗೆ ಪಟ್ಟು ಕಲಿಸ್ತೀನಿ. ಬೋರ್ಡು ಕಲಿಸಲ್ಲ." ಕಣ್ಣೊರೆಸಿಕೊಂಡ. "ರಸ್ತೆ ದಾಟೋದು ಮಾತ್ರ ಕಷ್ಟ. ಎಡಗಡೆಯಿಂದ ಬರೋದು ಒಂದೂ ಕಾಣಲ್ಲ. ಆ ಕಡೆ ಯಾರಾದ್ರೂ ಬೇಕು."

"ಯಾರಾದ್ರೂ?"

"ಅಲ್ಲ... ನೀನೇ ಬೇಕು."

ಅವಳು ಬೀಗ ಹಾಕಿ ಬಂದು, ಅವನ ಎಡಕ್ಕೆ ನಿಂತು ಕೈ ಹಿಡಿದಳು. ಇಬ್ಬರೂ ಜನರ ನಡುವೆ ನಿಧಾನಕ್ಕೆ ನಡೆದರು.

"ಅಳ್ತಾ ಇದ್ದೀಯಾ?"

"ಇಲ್ಲಪ್ಪ."

"ಸುಳ್ಳು!"

"ಈ ಕಡೆಯದು ನಿನಗೆ ಕಾಣಲ್ವಲ್ಲ..."

"ಕಾಣಲ್ಲ ಕಣೇ," ಅಂತ ಅವನು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. "ಅದಕ್ಕೇ ಕೇಳ್ತಾ ಇರ್ತೀನಿ. ನೀನು ಹೇಳ್ತಾ ಇರು."